ಗೇಟಿಗೆ ಮುಖ ಗೊತ್ತು, ಇನಿಷಿಯಲ್ ಗೊತ್ತಿಲ್ಲ

ಬೆಳಗಿನ ಆರೂವರೆಯ ವಿಮಾನ ಅಂದರೆ ನಮ್ಮ ಕಡೆಯವರಿಗೆ ಅದು ಹಿಂದಿನ ರಾತ್ರಿಯ ವಿಮಾನವೇ. ಬಂಗಾರಪೇಟೆಯಲ್ಲಿ ಒಂದೂವರೆಗೆ ಎದ್ದು, ಎರಡೂವರೆಗೆ ಕಾರು ಹತ್ತಿದೆವು. ಪುಣೆಯಲ್ಲಿ ತಂಗಿಯ ಬಾಣಂತನಕ್ಕೆ ಹೊರಟ ಅಮ್ಮನ ತೊಡೆಯ ಮೇಲೆ ಅಂಟಿನುಂಡೆಯ ಡಬ್ಬಿ, ಕಾಲ ಬಳಿ ತುಪ್ಪದ ಡಬ್ಬಿ. ಬೇತಮಂಗಲದಿಂದ ಹೊಸಕೋಟೆವರೆಗಿನ ಚೆನ್ನೈ ಎಕ್ಸ್‌ಪ್ರೆಸ್‌ವೇಯ 71 ಕಿಲೋಮೀಟರ್ 2024ರ ಕೊನೆಗೆ ಓಡಾಟಕ್ಕೆ ಸಿಕ್ಕ ಮೇಲೆ ಈ ದಾರಿ ಸಲೀಸಾಗಿದೆ. ಹೊಸಕೋಟೆಯಿಂದ ಹೊಸ ವರ್ತುಲ ರಸ್ತೆ ಹಿಡಿದರೆ ಊರೊಳಗಿನ ಕೆ.ಆರ್. ಪುರದ ಗೋಜಿಲ್ಲದೆ ನೇರ ದೇವನಹಳ್ಳಿ. ಪಕ್ಕದ ಚಿನ್ನದ ಗಣಿಯ ಊರು ಕೆಜಿಎಫ್‌ನಿಂದ ವಿಮಾನ ನಿಲ್ದಾಣಕ್ಕೆ ಸುಮಾರು ನೂರು ಕಿಲೋಮೀಟರ್. ರಸ್ತೆ ಉಳಿಸಿಕೊಟ್ಟ ಸಮಯವನ್ನು ಟರ್ಮಿನಲ್ ಬಾಗಿಲ ಮುಂದಿನ ಸಾಲು ನುಂಗುತ್ತದೆಯೇ ಎಂಬುದೊಂದೇ ಆಗ ಉಳಿಯುವ ಪ್ರಶ್ನೆ.

ನನ್ನ ಫೋನಿನಲ್ಲಿ ಮುಖ ನೋಡಿ ನಿಲ್ದಾಣದೊಳಗೆ ಬಿಡುವ ಡಿಜಿ ಯಾತ್ರಾ ಆ್ಯಪ್ ಇತ್ತು. ಕ್ಯಾಮೆರಾ ಮುಂದೆ ನಿಂತೆ, ಗಾಜಿನ ರೆಕ್ಕೆ ಎರಡೂ ಕಡೆ ಸರಿಯಿತು, ಒಳಗೆ ಹೋದೆ. ಅರ್ಧ ನಿಮಿಷವೂ ಆಗಲಿಲ್ಲ. ಆಮೇಲೆ ಒಳಗೆ ಕಂಬಕ್ಕೆ ಒರಗಿ ಹನ್ನೆರಡು ನಿಮಿಷ ಕಾದೆ. ಆಧಾರ್ ಕಾರ್ಡು ಹಿಡಿದ ಅಮ್ಮ ಮಾಮೂಲಿ ಸಾಲಿನಲ್ಲಿದ್ದರು. ಒಳಗೆ ಬಂದವರೇ, "ಅಷ್ಟು ಬೇಗ ಬಂದು ಇಲ್ಲಿ ಏನ್ ಮಾಡ್ತಿದ್ದೆ?" ಅಂದರು. ಸರಿಯಾದ ಪ್ರಶ್ನೆ. ಮನೆಯವರೆಲ್ಲ ಒಟ್ಟಿಗೆ ಹೊರಟಾಗ ಒಬ್ಬರ ಮುಖ ಮಾತ್ರ ಗೇಟಿಗೆ ಗೊತ್ತಿದ್ದರೆ ಉಳಿಯುವುದು ಏನೂ ಇಲ್ಲ.

ಇಲ್ಲಿ ಬರೆದಿರುವುದು ಇಂಥ ಪ್ರಯಾಣಿಕರಿಗಾಗಿ. ವಾರಕ್ಕೊಮ್ಮೆ ದೆಹಲಿಗೆ ಹಾರುವವರಿಗೆ ಇದೆಲ್ಲ ಬಾಯಿಪಾಠ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಾಬರ್ಟ್‌ಸನ್‌ಪೇಟೆಯಿಂದ, ಮಾರಿಕುಪ್ಪಂನಿಂದ, ಬೂದಿಕೋಟೆಯಿಂದ ಹೊರಡುವವರಿಗೆ, ದುಬೈಗೆ ಮಗನನ್ನು ಕಳಿಸುವವರಿಗೆ, ಮೆಲ್ಬರ್ನ್‌ನಿಂದ ಕ್ರಿಸ್‌ಮಸ್‌ಗೆ ಬರುವ ಅಣ್ಣನನ್ನು ಕರೆತರುವವರಿಗೆ ಗೊಂದಲ ಇರುವುದು ಸಹಜ.

ಎರಡು ಗೇಟು, ಇಬ್ಬರು ಯಜಮಾನರು

ನನ್ನನ್ನು ಕೇಳಿದವರಲ್ಲಿ ಹತ್ತಕ್ಕೆ ಎಂಟು ಜನ ಒಂದೇ ತಪ್ಪು ತಿಳಿದಿದ್ದರು: ಡಿಜಿ ಯಾತ್ರಾ ಹಾಕಿಕೊಂಡರೆ ವಿದೇಶಕ್ಕೂ ಪಾಸ್‌ಪೋರ್ಟ್ ತೋರಿಸದೆ ಹೋಗಬಹುದು ಅಂತ. ಹಾಗಿಲ್ಲ. ಮುಖ ನೋಡುವ ವ್ಯವಸ್ಥೆಗಳು ಎರಡು, ಒಂದಕ್ಕೊಂದು ಸಂಬಂಧವಿಲ್ಲ.

ಡಿಜಿ ಯಾತ್ರಾ ದೇಶದೊಳಗಿನ ವಿಮಾನಕ್ಕೆ. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿಗಳ ಜೊತೆ ಬೆಂಗಳೂರಿನಲ್ಲೇ ಮೊದಲು ಶುರುವಾಯಿತು, ಈಗ ಇಪ್ಪತ್ತಕ್ಕೂ ಹೆಚ್ಚು ವಿಮಾನ ನಿಲ್ದಾಣಗಳಲ್ಲಿದೆ. ನಡೆಸುವುದು ಸರ್ಕಾರದ ಇಲಾಖೆಯಲ್ಲ, ಡಿಜಿ ಯಾತ್ರಾ ಫೌಂಡೇಶನ್ ಎಂಬ ಲಾಭರಹಿತ ಕಂಪನಿ. ಅದರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇಕಡಾ 26. ಉಳಿದದ್ದು ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ, ಕೊಚ್ಚಿ ನಿಲ್ದಾಣಗಳ ಕಂಪನಿಗಳದ್ದು. ಈ ಪಾಲುದಾರಿಕೆಯ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ಗೃಹ ಸಚಿವಾಲಯದ್ದು, ಇಮಿಗ್ರೇಷನ್ ಕೌಂಟರಿನದು. ಹೆಸರು ಉದ್ದ: ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್, ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಆರಂಭವಾಗಿ 2025ರ ಜನವರಿ 16ರಂದು ಬೆಂಗಳೂರು ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ಬಂತು. ಭಾರತದ ಪ್ರಜೆಗಳಿಗೂ, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಲ್ಲಿ ಒಸಿಐ ಕಾರ್ಡು ಇರುವವರಿಗೂ ಮಾತ್ರ. ಇದಕ್ಕೆ ಆಧಾರ್ ಅಲ್ಲ, ಪಾಸ್‌ಪೋರ್ಟೇ ಮೂಲ. ಆಧಾರ್ ಆ್ಯಪ್ ತೋರಿಸಿ ಇಮಿಗ್ರೇಷನ್ ದಾಟುತ್ತೇನೆ ಅಂದರೆ ಅಧಿಕಾರಿ ನಗುತ್ತಾರೆ, ಅಷ್ಟೆ.

ಆ್ಯಪ್ ಹಾಕಿಕೊಳ್ಳುವುದು

ಡಿಜಿ ಯಾತ್ರಾಗೆ ಬೇಕಾದ್ದು ಮೂರು: ಸ್ಮಾರ್ಟ್‌ಫೋನು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು, ವೆಬ್ ಚೆಕ್‌ಇನ್ ಮಾಡಿದ ಬೋರ್ಡಿಂಗ್ ಪಾಸು. ಆ್ಯಪನ್ನು ಪ್ಲೇ ಸ್ಟೋರ್ ಅಥವಾ ಆ್ಯಪಲ್ ಸ್ಟೋರಿನಿಂದಲೇ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕಿನಿಂದ ಬೇಡ. 2024ರಲ್ಲಿ ಹಳೆಯ ಆ್ಯಪ್ ಬಿಟ್ಟು ಹೊಸದು ಬಂತು, ಹಳಬರೆಲ್ಲ ಮತ್ತೆ ನೋಂದಾಯಿಸಬೇಕಾಯಿತು. ಆ ಹಳೆಯ ಆ್ಯಪ್ ಫೋನಿನ ಮೂಲೆಯಲ್ಲಿ ಉಳಿದಿದ್ದರೆ ತೆಗೆದುಹಾಕಿ.

ಆ್ಯಪ್ ನಿಮ್ಮನ್ನು ಡಿಜಿಲಾಕರ್‌ಗೆ ಕರೆದೊಯ್ಯುತ್ತದೆ. ಅಲ್ಲಿ ಒಟಿಪಿ ಹಾಕಿದರೆ ಆಧಾರ್‌ನ ಹೆಸರು, ಫೋಟೋ ಬರುತ್ತವೆ. ಆಮೇಲೆ ಸೆಲ್ಫಿ. ಅದನ್ನು ಆಧಾರ್ ಫೋಟೋದ ಜೊತೆ ತಾಳೆ ನೋಡಿ ಒಪ್ಪಿದರೆ ನಿಮ್ಮ ಗುರುತಿನ ಚೀಟಿ ಫೋನಿನಲ್ಲೇ ಕೂರುತ್ತದೆ. ಇಷ್ಟು ಒಂದೇ ಸಲದ ಕೆಲಸ. ಪ್ರತಿ ಪ್ರಯಾಣಕ್ಕೂ ಮಾಡಬೇಕಾದ್ದು ಬೋರ್ಡಿಂಗ್ ಪಾಸಿನ ಕೋಡನ್ನು ಆ್ಯಪಿಗೆ ಸೇರಿಸಿ, ಹೊರಡುವ ನಿಲ್ದಾಣಕ್ಕೆ ಹಂಚುವ ಗುಂಡಿ ಒತ್ತುವುದು. ಸೇರಿಸಿ ಹಂಚಲು ಮರೆಯುವವರೇ ಬಹಳ. ಗೇಟಿನ ಮುಂದೆ ನಿಂತು ಕೆಂಪು ದೀಪ ಕಂಡು ಯಂತ್ರವನ್ನು ಬೈಯುವವರಲ್ಲಿ ಅರ್ಧ ಜನ ಈ ಗುಂಡಿ ಒತ್ತಿರುವುದಿಲ್ಲ. ಮನೆಯಲ್ಲೇ ಮುಗಿಸಿ. ನಡುರಾತ್ರಿ ಕಾರಿನಲ್ಲಿ ಕೂತು ಒಟಿಪಿಗೆ ಕಾಯುವುದು ಹಿಂಸೆ.

ಸೆಲ್ಫಿ ಬಗ್ಗೆ ಒಂದು ಮಾತು. ಮುಂದೆ ಗೇಟಿನ ಕ್ಯಾಮೆರಾ ಹೋಲಿಸುವುದು ನಿಮ್ಮ ಹಳೆಯ ಆಧಾರ್ ಫೋಟೋಗಲ್ಲ, ಈ ಸೆಲ್ಫಿಗೆ. ಆದ್ದರಿಂದ ಟ್ಯೂಬ್‌ಲೈಟ್ ಕೆಳಗೆ, ಬೆನ್ನ ಹಿಂದೆ ಕಿಟಕಿ ಇಟ್ಟುಕೊಂಡು ತೆಗೆಯಬೇಡಿ. ಬೆಳಿಗ್ಗೆ ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ, ಟೋಪಿ, ಕಪ್ಪು ಕನ್ನಡಕ ತೆಗೆದು ತೆಗೆಯಿರಿ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವರು ಹೆದರಬೇಕಾಗಿಲ್ಲ. ಯಂತ್ರ ಹೆಚ್ಚಾಗಿ ಲೆಕ್ಕ ಹಾಕುವುದು ಕಣ್ಣು, ಮೂಗು, ಬಾಯಿ, ದವಡೆಗಳ ಅಳತೆಯನ್ನು. ಆ ಅಳತೆಗಳನ್ನು ಅಂಕಿಗಳ ಒಂದು ಉದ್ದನೆಯ ಸಾಲಾಗಿ ಮಾಡಿಕೊಂಡು ಎರಡು ಸಾಲುಗಳು ಎಷ್ಟು ಹತ್ತಿರ ಇವೆ ಎಂದು ನೋಡುತ್ತದೆ. ಕೂದಲು ಅದರ ಪಾಲಿಗೆ ದೊಡ್ಡ ಸಂಗತಿಯಲ್ಲ.

ನಿಲ್ದಾಣದಲ್ಲಿ ಡಿಜಿ ಯಾತ್ರಾ ಎಂದು ಬರೆದ ಬೇರೆ ಬಾಗಿಲಿರುತ್ತದೆ. ಬೋರ್ಡಿಂಗ್ ಪಾಸಿನ ಕೋಡು ತೋರಿಸಿ, ಕ್ಯಾಮೆರಾ ನೋಡಿ, ಒಳಗೆ ಹೋಗಿ. ಸಾಮಾನು ಕೊಡುವುದಿದ್ದರೆ ಏರ್‌ಲೈನ್ ಕೌಂಟರಿಗೆ ಎಲ್ಲರ ಹಾಗೆ ಹೋಗಬೇಕು. ತುಪ್ಪದ ಡಬ್ಬಿ ಅಲ್ಲಿಗೇ, ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ಕಳೆದುಕೊಂಡಿರಿ. ತಪಾಸಣೆಗೆ ಮುಂಚೆ ಇನ್ನೊಂದು ಮುಖದ ಗೇಟು. ಅಲ್ಲಿಂದ ಮುಂದೆ ಸಿಐಎಸ್‌ಎಫ್‌ನವರ ಕೆಲಸ: ಟ್ರೇ, ಬೆಲ್ಟು, ಲ್ಯಾಪ್‌ಟಾಪು, ಕೈಯೆತ್ತಿ ನಿಲ್ಲುವುದು. ಇಲ್ಲಿ ನಿಮ್ಮ ಮುಖಕ್ಕೆ ಯಾವ ರಿಯಾಯಿತಿಯೂ ಇಲ್ಲ, ನಿಲ್ದಾಣದಲ್ಲಿ ನಿಜವಾಗಿ ಹೊತ್ತು ತಿನ್ನುವುದೂ ಇದೇ ಜಾಗ. ಮುಖದ ಗೇಟು ಉಳಿಸುವುದು ಬಾಗಿಲ ಸಾಲನ್ನು, ಟ್ರೇ ಸಾಲನ್ನಲ್ಲ. ಅದನ್ನು ನಂಬಿ ಮನೆಯಿಂದ ತಡವಾಗಿ ಹೊರಡಬೇಡಿ.

ಆ್ಯಪ್ ಕೈಕೊಟ್ಟರೆ, ಫೋನ್ ಚಾರ್ಜ್ ಮುಗಿದರೆ ಏನು ಗತಿ? ಜೇಬಿನಲ್ಲಿ ಆಧಾರ್ ಕಾರ್ಡು, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ಒಂದು ಇರಲಿ, ಮಾಮೂಲಿ ಸಾಲಿಗೆ ಹೋಗಿ. ಡಿಜಿ ಯಾತ್ರಾ ಕಡ್ಡಾಯವಲ್ಲ, ಐಚ್ಛಿಕ. ಹಾಗೆಂದು ಸರ್ಕಾರವೇ ಮತ್ತೆ ಮತ್ತೆ ಹೇಳಿದೆ. 2024ರ ಆರಂಭದಲ್ಲಿ ಕೆಲವು ನಿಲ್ದಾಣಗಳ ಬಾಗಿಲಲ್ಲಿ ಸಿಬ್ಬಂದಿ ಹೇಳದೆ ಕೇಳದೆ ಪ್ರಯಾಣಿಕರ ಫೋಟೋ ತೆಗೆದು ಸೇರಿಸುತ್ತಿದ್ದಾರೆ ಎಂಬ ದೂರು ಎದ್ದಾಗಲೂ ಬಂದದ್ದು ಅದೇ ಉತ್ತರ. ಯಾರಾದರೂ ಕ್ಯಾಮೆರಾ ಕಡೆ ನೋಡಿ ಅಂದರೆ, "ನನಗೆ ಬೇಡ ಸಾರ್, ಕಾರ್ಡು ಇದೆ" ಅನ್ನುವ ಹಕ್ಕು ನಿಮ್ಮದು. ಅದನ್ನು ಹೇಳಲು ಹಿಂದಿ ಬರಬೇಕಿಲ್ಲ, ಕೈಸನ್ನೆ ಸಾಕು.

ಹೆಸರಿನ ಕಾಟ

ನಮ್ಮ ಭಾಗದಲ್ಲಿ ಜನ ಎಡವುವುದು ಮುಖದಲ್ಲಲ್ಲ, ಹೆಸರಿನಲ್ಲಿ. ಇದನ್ನು ಬೆಂಗಳೂರಿನ ಲೇಖಕರು ಬರೆಯುವುದಿಲ್ಲ. ಅವರಿಗೆ ಸರ್‌ನೇಮ್ ಇರುತ್ತದೆ.

ಗಣಿಯ ಲೈನ್ ಮನೆಗಳಲ್ಲಿ ಬೆಳೆದವರ ಹೆಸರಿನ ಕ್ರಮವೇ ಬೇರೆ. ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು. ಮನೆತನದ ಹೆಸರು ಎಂಬುದೇ ಇಲ್ಲ. ತಮಿಳು ಮನೆಗಳಲ್ಲಿ ಹೀಗೆ. ನಮ್ಮ ಕನ್ನಡದ, ತೆಲುಗಿನ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ, ಊರಿನ ಅಕ್ಷರವೊಂದು ಹೆಚ್ಚಿಗೆ ಸೇರಬಹುದು. ಶಾಲೆಯ ಹಾಜರಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಲ್ಲವೇ ಇಲ್ಲ. ಟಿಕೆಟ್ ಮಾಡುವ ವೆಬ್‌ಸೈಟು ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಇಟ್ಟು ಕೂತಿರುತ್ತದೆ, ಎರಡೂ ತುಂಬದೆ ಮುಂದೆ ಬಿಡುವುದಿಲ್ಲ. ಅಮ್ಮನ ಟಿಕೆಟ್ ಮಾಡಿದ ತಂಗಿ ಕೊನೆಯ ಹೆಸರಿನ ಖಾನೆಗೆ ಅಪ್ಪನ ಹೆಸರು ಹಾಕಿದ್ದಳು. ಆಧಾರ್‌ನಲ್ಲಿ ಅಮ್ಮನ ಹೆಸರು ಒಂಟಿ ಹೆಸರು. ಬಾಗಿಲಲ್ಲಿ ಕಾವಲಿನವನು ಎರಡೂ ಕಾಗದ ಹಿಡಿದು, ಅಮ್ಮನ ಮುಖವನ್ನೊಮ್ಮೆ ನೋಡಿ ಬಿಟ್ಟುಕೊಟ್ಟ. ಮನುಷ್ಯ ಹಾಗೆ ಬಿಡುತ್ತಾನೆ. ಆ್ಯಪ್ ಬಿಡದೆ ಹೋಗಬಹುದು: ಟಿಕೆಟ್ಟಿನ ಹೆಸರು ಆಧಾರ್ ಹೆಸರಿಗೆ ತಾಳೆಯಾಗದಿದ್ದರೆ ಬೋರ್ಡಿಂಗ್ ಪಾಸು ಸೇರಿಸುವ ಹಂತದಲ್ಲೇ ನಿಲ್ಲಿಸುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಬೋರ್ಡಿಂಗ್ ಪಾಸಿನ ಕೋಡಿನಲ್ಲಿ ಹೆಸರಿಗೆ ಜಗತ್ತಿನೆಲ್ಲೆಡೆ ಇರುವುದು ಇಪ್ಪತ್ತು ಇಂಗ್ಲಿಷ್ ಅಕ್ಷರದ ಜಾಗ, ನಡುವಿನ ಗೆರೆಯೂ ಅದರಲ್ಲೇ ಸೇರಿತು. ಸುಬ್ರಹ್ಮಣ್ಯ, ವೆಂಕಟಾಚಲಪತಿ, ಬಾಲಸುಬ್ರಮಣಿಯನ್ ಇಂಥ ಹೆಸರುಗಳ ಜೊತೆ ಅಪ್ಪನ ಹೆಸರನ್ನೂ ಪೂರ್ತಿ ಬಿಡಿಸಿ ಬರೆದರೆ ಬಾಲ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ ಹೆಸರು ಕಂಡು ಗಾಬರಿಯಾಗಬೇಡಿ, ಏರ್‌ಲೈನಿನವರು ದಿನಾ ನೋಡುತ್ತಾರೆ. ಅಂಥ ಹೆಸರಿನವರು ಆ್ಯಪನ್ನೇ ನಂಬಿಕೊಂಡು ಹೊರಡದಿದ್ದರೆ ಸಾಕು.

ಮಾಡಬೇಕಾದ್ದು ಏನು? ದೇಶದೊಳಗಿನ ಟಿಕೆಟ್‌ಗೆ ಆಧಾರ್ ಕಾರ್ಡು ಮುಂದಿಟ್ಟುಕೊಂಡು ಅದರ ಇಂಗ್ಲಿಷ್ ಅಕ್ಷರಗಳನ್ನೇ ಹಾಗೇ ಬರೆಯಿರಿ. ಇನಿಷಿಯಲ್ ಇದ್ದರೆ ಅದನ್ನೇ ಕೊನೆಯ ಹೆಸರಿನ ಖಾನೆಗೆ ಹಾಕಿ. ಕೆಲವು ಏರ್‌ಲೈನ್‌ಗಳು ಒಂದೇ ಅಕ್ಷರ ಒಪ್ಪುವುದಿಲ್ಲ. ಆಗ ಅವರ ಸಹಾಯವಾಣಿಗೆ ಫೋನ್ ಮಾಡಿ ಒಂಟಿ ಹೆಸರಿನವರು ಹೇಗೆ ಬರೆಯಬೇಕು ಕೇಳಿ. ಹೆಸರನ್ನೇ ಎರಡು ಸಲ ಬರೆಯಲು ಹೇಳುವವರೂ ಉಂಟು. ಟಿಕೆಟ್ ಆದ ಮೇಲೆ ಸರಿಪಡಿಸುವುದಕ್ಕಿಂತ ಮುಂಚೆ ಕೇಳುವುದು ಅಗ್ಗ. ಆಧಾರ್‌ನ ಹೆಸರನ್ನೇ ತಿದ್ದಿಸುವುದಾದರೆ ನೆನಪಿಡಿ, ಜೀವಮಾನದಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ. ಒಂದು ಪ್ರಯಾಣಕ್ಕೋಸ್ಕರ ಖರ್ಚು ಮಾಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಹೇಗಿರಬೇಕು ಎಂದು ಮೊದಲು ತೀರ್ಮಾನಿಸಿ, ಅದಕ್ಕೆ ಆಧಾರನ್ನು ಹೊಂದಿಸಿ.

ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಲು ಬೇಸರಪಟ್ಟು ಸರ್‌ನೇಮ್ ಖಾನೆ ಖಾಲಿ ಬಿಟ್ಟವರು ನಮ್ಮಲ್ಲಿ ಬಹಳ. ಅದರ ಬೆಲೆ ಗೊತ್ತಾದದ್ದು 2022ರ ನವೆಂಬರ್ 21ರಿಂದ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಯುಎಇ ಆವತ್ತು ನಿಯಮ ತಂದಿತು. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಪರವಾಗಿಲ್ಲ ಎಂದು ಆಮೇಲೆ ಸ್ಪಷ್ಟನೆ ಬಂತು. ದುಬೈಗೆ ಕೆಲಸ ಹುಡುಕಲು ವಿಸಿಟ್ ವೀಸಾದಲ್ಲಿ ಹೋಗುವ ಹುಡುಗರು ನಮ್ಮ ತಾಲ್ಲೂಕಿನಲ್ಲಿ ಕಡಿಮೆಯೇನಿಲ್ಲ. ದುಬೈ ಮುಖವನ್ನೂ ಕಣ್ಣಿನ ಪಾಪೆಯನ್ನೂ ಓದಿ ಬಾಗಿಲು ತೆಗೆಯುವ ಊರು. ಅಲ್ಲಿಗೆ ಮುಟ್ಟುವ ಮೊದಲೇ, ಇಲ್ಲಿಯ ಚೆಕ್‌ಇನ್ ಕೌಂಟರಿನಲ್ಲಿ, ಅಪ್ಪನ ಹೆಸರಿನ ಒಂದು ಅಕ್ಷರ ದಾರಿ ಕಟ್ಟುತ್ತದೆ. ಹತ್ತನೇ ತರಗತಿ ದಾಟದೆ ಇಸಿಆರ್ ಪಾಸ್‌ಪೋರ್ಟ್ ಪಡೆದವರು ಗಲ್ಫ್‌ಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಷನ್ ಕ್ಲಿಯರೆನ್ಸ್ ಬೇರೆ ಬೇಕು. ಯಾವ ಕ್ಯಾಮೆರಾವೂ ಅದನ್ನು ತಪ್ಪಿಸುವುದಿಲ್ಲ.

ಇಮಿಗ್ರೇಷನ್‌ನ ಗೇಟು

ವಿದೇಶಕ್ಕೆ ಆಗಾಗ ಹೋಗಿಬರುವವರಿದ್ದರೆ ಟ್ರಸ್ಟೆಡ್ ಟ್ರಾವೆಲರ್‌ಗೆ ಸೇರಿಕೊಳ್ಳಿ. ಶುಲ್ಕವಿಲ್ಲ. ಗೃಹ ಸಚಿವಾಲಯದ ಜಾಲತಾಣದಲ್ಲಿ ಅರ್ಜಿ ತುಂಬಬೇಕು, ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಪರಿಶೀಲನೆ ಮುಗಿದು ಒಪ್ಪಿಗೆ ಬಂದ ಮೇಲೆ ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಬೇಕು. ವಿಮಾನ ನಿಲ್ದಾಣದಲ್ಲಿ ಕೊಡಬಹುದು ಅಥವಾ ಬೆಂಗಳೂರಿನ ವಿದೇಶೀಯರ ನೋಂದಣಿ ಕಚೇರಿಯಲ್ಲಿ (ಎಫ್‌ಆರ್‌ಆರ್‌ಒ). ಐದು ವರ್ಷ ನಡೆಯುತ್ತದೆ, ಪಾಸ್‌ಪೋರ್ಟ್ ಮೊದಲೇ ಮುಗಿದರೆ ಅಲ್ಲಿಗೇ. ಆಮೇಲೆ ಹೋಗುವಾಗ ಇ-ಗೇಟಿನಲ್ಲಿ ಬೋರ್ಡಿಂಗ್ ಪಾಸು, ಪಾಸ್‌ಪೋರ್ಟು ಎರಡನ್ನೂ ಯಂತ್ರಕ್ಕೆ ತೋರಿಸಿ ಗುರುತು ಕೊಟ್ಟರೆ ಗೇಟು ತೆರೆಯುತ್ತದೆ, ಬರುವಾಗಲೂ ಹೀಗೇ.

ಇದು ಹೇಳಿಮಾಡಿಸಿದ ಹಾಗಿರುವುದು ಕೆಜಿಎಫ್ ಬಿಟ್ಟುಹೋದವರಿಗೆ. ಒಂದು ಕಾಲಕ್ಕೆ ಪುಟ್ಟ ಇಂಗ್ಲೆಂಡ್ ಅನ್ನಿಸಿಕೊಂಡ ಊರಿನಿಂದ ಆಂಗ್ಲೋ ಇಂಡಿಯನ್ ಮನೆಗಳು ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ ಹೋದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಉಳಿದವರ ಮಕ್ಕಳೂ ಒಬ್ಬೊಬ್ಬರಾಗಿ ಹೊರಟರು. ಡಿಸೆಂಬರ್‌ನಲ್ಲಿ ಅವರೆಲ್ಲ ಊರಿಗೆ ಬರುವ ಹೊತ್ತಿಗೆ ನಡುರಾತ್ರಿ ಮೂರ್ನಾಲ್ಕು ವಿಮಾನ ಒಟ್ಟಿಗೆ ಇಳಿದು ಇಮಿಗ್ರೇಷನ್ ಹಾಲ್ ತುಂಬಿರುತ್ತದೆ. ಒಸಿಐ ಕಾರ್ಡ್ ಇರುವವರು ಈ ಸಲ ಹೋಗುವಾಗ ನೋಂದಾಯಿಸಿಕೊಂಡರೆ ಮುಂದಿನ ಕ್ರಿಸ್‌ಮಸ್‌ಗೆ ಬೇಗ ಹೊರಗೆ ಬರುತ್ತಾರೆ. ಹೊರಗೆ ಕಾರ್ ಪಾರ್ಕಿಂಗ್‌ನಲ್ಲಿ ಕಾಯುವ ನಮಗೂ ಅನುಕೂಲ. ಆದರೆ ಅವರ ಸೂಟ್‌ಕೇಸು ಬೆಲ್ಟಿನ ಮೇಲೆ ಬರುವುದು ಅದರ ಪಾಡಿಗೆ. ಗೇಟು ಬೇಗ ತೆರೆದು ಬೆಲ್ಟಿನ ಮುಂದೆ ನಲವತ್ತು ನಿಮಿಷ ನಿಂತವರನ್ನು ನೋಡಿದ್ದೇನೆ.

ಹೊರದೇಶಗಳಲ್ಲಿ ಏನು ಎದುರಾಗುತ್ತದೆ ಎಂಬುದನ್ನೂ ಕೇಳುತ್ತಾರೆ. ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹೊಸ ಪದ್ಧತಿ ಶುರು ಮಾಡಿವೆ: ಪಾಸ್‌ಪೋರ್ಟ್‌ಗೆ ಠಸ್ಸೆ ಹೊಡೆಯುವ ಬದಲು ಮುಖದ ಚಿತ್ರ, ನಾಲ್ಕು ಬೆರಳಿನ ಗುರುತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆರಳಿನ ಗುರುತಿಲ್ಲ, ಮುಖ ಮಾತ್ರ. ಅಮೆರಿಕ 2025ರ ಡಿಸೆಂಬರ್ 26ರಿಂದ ತನ್ನ ಪ್ರಜೆಗಳಲ್ಲದ ಎಲ್ಲರ ಫೋಟೋವನ್ನು ಬರುವಾಗಲೂ ಹೋಗುವಾಗಲೂ ತೆಗೆಯುವ ನಿಯಮ ಜಾರಿಗೆ ತಂದಿದೆ. ಸಿಂಗಪುರದ ಚಾಂಗಿಯಲ್ಲಿ 2024ರಿಂದ ಹೊರಡುವಾಗ ಪಾಸ್‌ಪೋರ್ಟ್ ತೆಗೆಯದೆಯೇ ದಾಟುವ ವ್ಯವಸ್ಥೆ ಬಂದಿದೆ, ಆದರೂ ಕೈಯಲ್ಲಿ ಇರಲೇಬೇಕು. ಈ ಗಡಿಗಳಲ್ಲಿ 'ನನಗೆ ಬೇಡ ಸಾರ್' ನಡೆಯುವುದಿಲ್ಲ. ನಮ್ಮ ದೇಶದೊಳಗಿನ ಬಾಗಿಲಿಗೂ ಪರದೇಶದ ಗಡಿಗೂ ಇರುವ ವ್ಯತ್ಯಾಸ ಅದು.

ಬೆರಳು ಸವೆದವರು

ಗಣಿಯಲ್ಲಿ ಡ್ರಿಲ್ ಹಿಡಿದ, ಕಲ್ಲು ಹೊತ್ತ ಕೈಗಳಿಗೆ ಗೆರೆ ಉಳಿದಿರುವುದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ ಮೊಮ್ಮಗನನ್ನು ಕಳಿಸುವ ಅಜ್ಜಂದಿರು ಚಾಂಪಿಯನ್ ರೀಫ್ಸ್‌ನ ಪ್ರತಿ ಲೈನಿನಲ್ಲೂ ಇದ್ದಾರೆ. ಅಂಥವರಿಗೆ ಡಿಜಿ ಯಾತ್ರಾ ಒಂದು ರೀತಿಯಲ್ಲಿ ಅನುಕೂಲವೇ: ಅದು ಬೆರಳು ಕೇಳುವುದಿಲ್ಲ. ಟ್ರಸ್ಟೆಡ್ ಟ್ರಾವೆಲರ್ ಕೇಳುತ್ತದೆ. ಬೆರಳು ಓದದಿದ್ದರೆ ಸುಮ್ಮನೆ ಅಧಿಕಾರಿ ಕೂತ ಕೌಂಟರಿಗೆ ಹೋಗಿ. ಅವಮಾನದ ಮಾತಲ್ಲ ಅದು.

ಮುಖವೂ ತಪ್ಪುತ್ತದೆ ಎಂಬುದು ಗೊತ್ತಿರಲಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಬಹಳಷ್ಟರಲ್ಲಿ ಒಬ್ಬರನ್ನು ಇನ್ನೊಬ್ಬರೆಂದು ತಪ್ಪಾಗಿ ಒಪ್ಪುವ ಪ್ರಮಾಣ ಬಿಳಿಯರ ಮುಖಕ್ಕಿಂತ ಆಫ್ರಿಕಾ ಮತ್ತು ಏಷ್ಯಾ ಮೂಲದವರ ಮುಖಗಳಲ್ಲಿ ಹೆಚ್ಚಿತ್ತು. ಆಮೇಲೆ ತಂತ್ರಾಂಶಗಳು ಸುಧಾರಿಸಿವೆ. ಆದರೂ ಗೇಟು ಎರಡು ಸಲ ಒಪ್ಪದಿದ್ದರೆ ಮೂರನೇ ಸಲ ನಿಲ್ಲುವ ಬದಲು ಪಕ್ಕದಲ್ಲಿರುವ ಸಿಬ್ಬಂದಿಯನ್ನು ಕರೆಯಿರಿ. ಹಿಂದೆ ನಿಂತವರ ಗೊಣಗಾಟಕ್ಕೆ ಬೆವರಿದರೆ ಮುಖ ಇನ್ನೂ ಕೆಡುತ್ತದೆ.

ಮುಖ ಕೊಟ್ಟ ಮೇಲೆ

ಗುರುತು ಕೊಡುವ ವಿಷಯಕ್ಕೆ ನಮ್ಮ ಕೆಜಿಎಫ್‌ಗೊಂದು ಹಳೆಯ ಕತೆ ಇದೆ. 1930ರಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದ ಗಣಿಗಳಲ್ಲಿ ಕೂಲಿಗಾರರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಹೊರಬಂದರು. ಮೂರು ವಾರ ಗಣಿ ನಿಂತಿತು. ಕಳ್ಳರ ಬೆರಳು ಒತ್ತಿಸುವ ಹಾಗೆ ನಮ್ಮದನ್ನು ಯಾಕೆ ಎಂಬ ಸಿಟ್ಟು ಅದರಲ್ಲಿದ್ದಿರಬೇಕು, ಒಮ್ಮೆ ಪಟ್ಟಿಗೆ ಬಿದ್ದ ಬೆರಳು ಇನ್ನೊಂದು ಗಣಿಯಲ್ಲಿ ಕೆಲಸ ಸಿಗದಂತೆಯೂ ಮಾಡಬಲ್ಲದು ಎಂಬ ಭಯವೂ. ಇವತ್ತು ನಾವು ಸೆಲ್ಫಿ ತೆಗೆದು ನಾವಾಗೇ ಕೊಡುತ್ತೇವೆ. ಕೊಡಬಾರದು ಅಂತಲ್ಲ. ಕೊಟ್ಟದ್ದು ಎಲ್ಲಿ ಹೋಗುತ್ತದೆ ಎಂದು ಆ ಜನ ಕೇಳಿದಷ್ಟಾದರೂ ನಾವು ಕೇಳಬೇಕು.

ಫೌಂಡೇಶನ್ ಹೇಳುವ ಪ್ರಕಾರ ನಿಮ್ಮ ಗುರುತು ನಿಮ್ಮ ಫೋನಿನಲ್ಲೇ ಇರುತ್ತದೆ, ಪ್ರಯಾಣಕ್ಕೆ ಮುನ್ನ ಹಂಚಿದ್ದು ಮಾತ್ರ ನಿಲ್ದಾಣಕ್ಕೆ ಹೋಗುತ್ತದೆ, ವಿಮಾನ ಹೊರಟ 24 ಗಂಟೆಯೊಳಗೆ ಅಲ್ಲಿಂದ ಅಳಿಸಿಹೋಗುತ್ತದೆ. ಅದರ ಜೊತೆಗೇ ಇಟ್ಟು ಓದಬೇಕಾದ ಮಾತೊಂದು ವ್ಯವಸ್ಥೆಯ ನೀತಿ ಪತ್ರದಲ್ಲೇ ಇದೆ: ಭದ್ರತೆಯ ಅಗತ್ಯ ಬಿದ್ದರೆ ಅಳಿಸುವ ಅವಧಿಯನ್ನು ಬದಲಿಸಬಹುದು, ಭದ್ರತಾ ಸಂಸ್ಥೆಗಳಿಗೆ ಪ್ರಯಾಣಿಕರ ಮಾಹಿತಿ ಕೊಡಬಹುದು. ಫೌಂಡೇಶನ್ ಖಾಸಗಿ ಕಂಪನಿಯಾದ್ದರಿಂದ ಮಾಹಿತಿ ಹಕ್ಕಿನ ಅರ್ಜಿಗೆ ಅದು ಉತ್ತರಿಸಬೇಕಾಗಿಲ್ಲ ಎಂಬ ತಕರಾರೂ ಹಳೆಯದು. ಪ್ರಾಧಿಕಾರದ ಪಾಲು ಶೇಕಡಾ 26 ಮಾತ್ರ ಎಂದು ಮೇಲೆ ಹೇಳಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂಥ ಪ್ರಶ್ನೆ ಕೇಳಲು ನಮಗೆ ನೆಲ ಒದಗಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು.

ನನ್ನ ಅಭಿಪ್ರಾಯ ಕೇಳಿದರೆ: ತಿಂಗಳಿಗೊಮ್ಮೆಯಾದರೂ ಹಾರುವವರು ಡಿಜಿ ಯಾತ್ರಾ ಹಾಕಿಕೊಳ್ಳಿ. ವರ್ಷಕ್ಕೊಮ್ಮೆ ಹೋಗುವವರಿಗೆ ಕಾರ್ಡು ಸಾಕು. ಹತ್ತು ನಿಮಿಷ ಮುಂಚೆ ಮನೆ ಬಿಟ್ಟರೆ ಲೆಕ್ಕ ಸರಿಹೋಯಿತು. ಹಾಕಿಕೊಂಡವರು ಪ್ರಯಾಣ ಮುಗಿದ ಮೇಲೆ ಬೇಡವೆನಿಸಿದರೆ ಆ್ಯಪಿನೊಳಗೇ ಪ್ರೊಫೈಲ್ ಅಳಿಸಿ ಆಮೇಲೆ ಆ್ಯಪ್ ತೆಗೆಯಿರಿ, ಬರೇ ಆ್ಯಪ್ ತೆಗೆದು ಕೂರಬೇಡಿ.

ಪುಣೆಯಿಂದ ಬಂದ ಮೇಲೆ ಅಮ್ಮನಿಗೆ ಹಟ ಬಂತು. ಮಗುವಿನ ನಾಮಕರಣಕ್ಕೆ ಹೋಗುವಾಗ ತಾನೂ ಗಾಜಿನ ಬಾಗಿಲಲ್ಲೇ ಹೋಗಬೇಕು. ಜಗಲಿಯಲ್ಲಿ ಕೂರಿಸಿ ಸೆಲ್ಫಿ ತೆಗೆದೆ. ಮೂರು ಸಲವೂ ತಾಳೆಯಾಗಲಿಲ್ಲ. ಆಧಾರ್ ಫೋಟೋ ಹನ್ನೆರಡು ವರ್ಷ ಹಳೆಯದು, ಸುಣ್ಣ ಬಳಿದ ಗೋಡೆಯ ಮುಂದೆ ಯಾರೋ ಅವಸರದಲ್ಲಿ ತೆಗೆದದ್ದು. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು, ಕಣ್ಣು, ಫೋಟೋ ಎಲ್ಲ ಹೊಸದು ಮಾಡಿಸಿದೆವು. 2025ರ ಅಕ್ಟೋಬರ್‌ನಿಂದ ಅದಕ್ಕೆ 125 ರೂಪಾಯಿ, ಮೊಬೈಲ್ ನಂಬರ್ ಮಾತ್ರ ಬದಲಿಸುವುದಾದರೆ 75. ಹೊಸ ಫೋಟೋ ದಾಖಲೆಗೆ ಏರಲು ದಿನಗಳು ಹಿಡಿಯುತ್ತವೆ, ಪ್ರಯಾಣದ ಹಿಂದಿನ ವಾರ ಈ ಕೆಲಸಕ್ಕೆ ಹೋಗಬೇಡಿ. ಮೆಸೇಜ್ ಬಂದ ಮೇಲೆ ಮತ್ತೆ ಅದೇ ಜಗಲಿ, ಅದೇ ಬೆಳಕು. ಈ ಸಲ ಒಪ್ಪಿತು. ಡಿಜಿಲಾಕರಿನಿಂದ ಬಂದ ಹೊಸ ಫೋಟೋವನ್ನು ಅಮ್ಮ ಕನ್ನಡಕ ಏರಿಸಿ ಹತ್ತಿರ ಹಿಡಿದು ನೋಡಿದರು.

"ಇದು ನಾನೇ ಅಂತ ಅದಕ್ಕೆ ಹೆಂಗ್ ಗೊತ್ತಾಯ್ತೋ? ನಂಗೇ ಗೊತ್ತಾಗ್ತಿಲ್ಲ."